ಜೊತೆಗೆ ಹೋಗುವವರ ಹೆಸರು

ಹಸು ತಾನಾಗಿ ಲಾರಿ ಹತ್ತುವುದಿಲ್ಲ. ಹತ್ತಿಸಬೇಕು.

ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುವವರಿಗೆ ಅದೇನು ಮಹಾ ಕೆಲಸ ಅನಿಸುತ್ತದೆ. ಹಲಗೆ ಇದೆ, ಹಗ್ಗ ಇದೆ, ಎಳೆದರಾಯಿತು. ಎಳೆದರೆ ಹಸು ನಾಲ್ಕು ಕಾಲೂರಿ ನಿಂತುಬಿಡುತ್ತದೆ. ಹೊಡೆದರೆ ಹಲಗೆಯಿಂದ ಪಕ್ಕಕ್ಕೆ ಹಾರುತ್ತದೆ. ಹಾರಿದರೆ ಕಾಲು ಮುರಿಯುತ್ತದೆ. ಕಾಲು ಮುರಿದ ಸೀಮೆಹಸು ಯಾರಿಗೂ ಬೇಡ.

ವಿಜಯಕುಮಾರ್ ಎಳೆಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಹಸುವಿನ ಹಿಂದೊಡೆಗೆ ಹೆಗಲು ಕೊಟ್ಟು, ಬಾಲದ ಬುಡ ಹಿಡಿದು, ಅದು ಉಸಿರು ಬಿಡುವುದನ್ನೇ ಕಾಯುತ್ತಿದ್ದ. ಹೆದರಿದ ಹಸು ಉಸಿರು ಬಿಗಿಹಿಡಿಯುತ್ತದೆ. ಬಿಟ್ಟ ಗಳಿಗೆಯಲ್ಲಿ ಅದರ ಮೈ ಸಡಿಲವಾಗುತ್ತದೆ. ಆಗ ಒಂದೇ ಸಲ ಹೆಗಲಿನಿಂದ ನೂಕಬೇಕು. ಹಸು ಹತ್ತುತ್ತದೆ. ಹತ್ತುವಾಗ ಸಗಣಿ ಹಾಕುತ್ತದೆ. ಅದು ಹಿಂದೆ ನಿಂತವನ ಎದೆಯ ಮೇಲೆಯೇ ಬೀಳುತ್ತದೆ. ಗೊರಸು ಜಾರಿದರೆ ಕಾಲಿನ ಮೇಲೆ. ಅವನ ಬಲಗಾಲಿನ ಎರಡು ಬೆರಳುಗಳಿಗೆ ಉಗುರಿಲ್ಲ.

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಸುಧಾಕರನ ಶೆಡ್. ಸುಧಾಕರ್ ಹಸು ಕಂಟ್ರಾಕ್ಟರ್. ಬೇತಮಂಗಲ, ಕಾಮಸಮುದ್ರದ ಕಡೆ ಹಳ್ಳಿ ಹಳ್ಳಿ ತಿರುಗಿ ಕರೆಯುವ ಹಸುಗಳನ್ನು ಹಿಡಿದು ತರುತ್ತಾನೆ. ಲಾರಿಯಲ್ಲಿ ಚೆನ್ನೈ ಹಾರ್ಬರಿಗೆ, ಅಲ್ಲಿಂದ ಹಡಗಿನಲ್ಲಿ ಅಂಡಮಾನಿಗೆ. ಅಲ್ಲಿ ಯಾರೋ ಒಬ್ಬರು ದೊಡ್ಡ ಡೈರಿ ಇಟ್ಟಿದ್ದಾರೆ. ಒಂದು ಲಾರಿಗೆ ಆರು ಹಸು. ಹಸುಗಳ ಜೊತೆಗೆ ಒಬ್ಬ ಮನುಷ್ಯ ಹಡಗು ಹತ್ತಬೇಕು. ಮೇವು ಹಾಕಬೇಕು, ನೀರು ಕುಡಿಸಬೇಕು, ಎರಡು ಹೊತ್ತು ಹಾಲು ಕರೆಯಬೇಕು. ಕಾಗದದಲ್ಲಿ ಅವನಿಗೆ ಅಟೆಂಡರ್ ಅನ್ನುತ್ತಾರೆ. ಅಲ್ಲಿಗೆ ಹೋದ ಮೇಲೆ ಅದೇ ಡೈರಿಯಲ್ಲಿ ಅವನಿಗೆ ಒಂದು ವರ್ಷದ ಕೆಲಸ, ಇರಲು ಕೋಣೆ.

ಈ ಸಲ ಆ ಮನುಷ್ಯ ವಿಜಯಕುಮಾರ್. ಹಾಗಂತ ಸುಧಾಕರನೇ ಬಾಯಿಬಿಟ್ಟು ಹೇಳಿದ್ದ. ಶೆಡ್ಡಿನ ಬಾಗಿಲಲ್ಲಿ, ನಾಲ್ಕು ಜನರ ಎದುರಿಗೆ ಹೇಳಿದ್ದ.

"ಈ ಸಲ ನೀನೇ ಓಗ್ತೀಯ ಕಣ್ಲಾ ವಿಜಿ. ಪೋಟೋ, ಆಧಾರ್ ತಂದ್ಕೊಡು."

ವಿಜಯಕುಮಾರ್ ತಂದುಕೊಟ್ಟ. ಕೋಲಾರಕ್ಕೆ ಎರಡು ಸಲ ಬಸ್ಸು ಹತ್ತಿ ಹೋಗಿ ಎದೆ ತೋರಿಸಿ, ಕಣ್ಣು ತೋರಿಸಿ, ಮೆಡಿಕಲ್ ಸರ್ಟಿಫಿಕೇಟ್ ತಂದ. ಕಾಲೋನಿಗೆಲ್ಲ ಸುದ್ದಿಯಾಯಿತು. ಅವನ ತಾಯಿ ಮಾರಿಯಮ್ಮ ಕೆಜಿಎಫ್‌ನ ಗಣಿ ಲೈನ್‌ಮನೆಯಲ್ಲಿ ಹುಟ್ಟಿದವಳು, ಈಗಲೂ ಸಿಟ್ಟು ಬಂದರೆ ತಮಿಳು, ಖುಷಿಯಾದರೆ ತಮಿಳು. ಅವಳ ಅಪ್ಪ ದಿನಾ ಭೂಮಿಯೊಳಗೆ ಇಳಿದು ಹತ್ತಿದವನು, ಸಮುದ್ರ ಎಂಬುದನ್ನು ಕಣ್ಣಾರೆ ನೋಡದೆ ಸತ್ತ. ಅದನ್ನೇ ಅವಳು ಮನೆಗೆ ಬಂದವರಿಗೆಲ್ಲ ಹೇಳಿದಳು. ಹೆಂಡತಿ ಪುಷ್ಪ ಅವನ ಎರಡು ಪ್ಯಾಂಟಿನ ಹೊಲಿಗೆ ಬಿಗಿ ಮಾಡಿದಳು. ಹಡಗಿನಲ್ಲಿ ವಾಂತಿ ಬಂದರೆ ಮೂಸಲು ಎಂಟು ನಿಂಬೆಹಣ್ಣು ಕಟ್ಟಿದಳು.

ಒಂದು ವರ್ಷದ ಕೆಲಸ, ಕೋಣೆ, ಸಮುದ್ರ, ಇದೆಲ್ಲ ಸರಿ. ವಿಜಯಕುಮಾರನಿಗೆ ಬೇಕಿದ್ದದ್ದು ಅದಕ್ಕಿಂತ ಸಣ್ಣದು. ಕಾಗದದಲ್ಲಿ ಅವನ ಹೆಸರು.

ಅದು ಯಾಕೆ ಅಷ್ಟು ಮುಖ್ಯ ಎಂದು ಕೇಳುವವರು ಹಿಂದಿನ ಸಲದ ಲಾರಿಯಲ್ಲಿ ಇರಲಿಲ್ಲ. ಸಂಕ್ರಾಂತಿ ಕಳೆದ ವಾರ ಅದು. ಆಗ ಅಟೆಂಡರ್ ಎಂದು ಹೋದವನು ಸುಧಾಕರನ ಚಿಕ್ಕಪ್ಪನ ಮಗ ವೆಂಕಿ. ಇಪ್ಪತ್ತಾರು ವರ್ಷದ ಗಂಡು, ಹಸುವಿನ ಯಾವ ಮಗ್ಗುಲಿಗೆ ಕೂತು ಕರೆಯಬೇಕು ಅನ್ನುವುದೂ ಗೊತ್ತಿಲ್ಲ. ಅವನು ಸುಧಾಕರನ ಕಾರಿನಲ್ಲಿ ಕೂತಿದ್ದ. ವಿಜಯಕುಮಾರ್ ಲಾರಿಯ ಹಿಂದೆ, ಆರು ಹಸುಗಳ ನಡುವೆ, ಹುಲ್ಲಿನ ಮೇಲೆ ನಿಂತಿದ್ದ. ಹಾರ್ಬರ್ ತನಕ ನೋಡಿಕೊಳ್ಳಲು ಒಬ್ಬರು ಬೇಕಲ್ಲ. ಆಂಧ್ರದ ಗಡಿಗೆ ಇನ್ನೂ ಒಂದು ಮೈಲಿ ಇರುವಾಗ ಬೈಕುಗಳು ಅಡ್ಡ ಬಂದವು. ಹಣೆಗೆ ಬಟ್ಟೆ ಕಟ್ಟಿದ್ದ ಎಂಟು ಹತ್ತು ಹುಡುಗರು. ಕಟುಕರಿಗೆ ಹಸು ಸಾಗಿಸುತ್ತಿದ್ದೀರಿ ಎಂದು ಕೂಗಾಡಿದರು. ಇವು ಕರೆಯೋ ಹಸುಗಳು ಅಣ್ಣಾ, ಕೆಚ್ಚಲು ನೋಡಿ ಎಂದ ವಿಜಯಕುಮಾರ್. ಡ್ರೈವರ್ ಕಾಗದ ತೋರಿಸಿದ. ಒಬ್ಬ ಅದನ್ನು ಓದಿದ. ಆಮೇಲೆ ವಿಜಯಕುಮಾರನ ಹೆಸರು ಕೇಳಿದ, ಊರು ಕೇಳಿದ, ಊರಲ್ಲಿ ಯಾವ ಬೀದಿ ಎಂದು ಕೇಳಿದ.

"ನಿನ್ ಎಸ್ರು ಇದ್ರಾಗೆ ಎಲ್ಲೈತೆ, ತೋರ್ಸ್ಲಾ ನೋಡಾಣ."

ಇರಲಿಲ್ಲ. ರಸ್ತೆಯಲ್ಲಿ ಮೊಣಕಾಲೂರಿಸಿ ಹೊಡೆದರು. ಕಿವಿಗೆ ಹೊಡೆದರು, ಬೆನ್ನಿಗೆ ಹೊಡೆದರು, ಒಬ್ಬ ಅವನಿಂದಲೇ ಹಸುವಿನ ಕಾಲು ಹಿಡಿಸಿ ತಪ್ಪಾಯಿತು ಅನ್ನಿಸಿ ವಿಡಿಯೋ ಮಾಡಿದ. ಆ ಹಸುವಿನ ಕಾಲನ್ನು ಅವನು ಹದಿನೈದು ದಿನದಿಂದ ತೊಳೆದಿದ್ದ. ಸುಧಾಕರನ ಕಾರು ಹಿಂದೆ ಟೀ ಅಂಗಡಿಯಲ್ಲಿ ನಿಂತಿತ್ತು. ಅರ್ಧ ಗಂಟೆ ಬಿಟ್ಟು ಬಂತು. ಸುಧಾಕರ್ ಇಳಿದು ನಮಸ್ಕಾರ ಹೇಳಿದ, ತನ್ನ ಮನೆತನ ಹೇಳಿದ, ಅವರಲ್ಲಿ ಇಬ್ಬರು ಗುರುತಿನವರೇ ಆದರು. ಲಾರಿ ಬಿಟ್ಟರು. ಹಾರ್ಬರ್ ಬರುವ ತನಕ ವಿಜಯಕುಮಾರನ ಎಡಗಿವಿಯಲ್ಲಿ ಗುಂಯ್ ಅನ್ನುತ್ತಲೇ ಇತ್ತು. ಈಗಲೂ ಆ ಕಿವಿ ಅಷ್ಟಕ್ಕಷ್ಟೆ.

ಹಡಗಿನಲ್ಲಿ ವೆಂಕಿ ಮಲಗಿದವನು ಮೇಲೇಳಲಿಲ್ಲ. ಹಸುಗಳ ಹಾಲು ಕರೆಯುವವರಿಲ್ಲದೆ ಕೆಚ್ಚಲು ಕಲ್ಲಾಯಿತು. ಎರಡು ಹಸು ಸತ್ತವು. ವೆಂಕಿ ಮೂರೇ ವಾರಕ್ಕೆ ವಾಪಸು ಬಂದ. ಹಸು ಬಲ್ಲವರನ್ನು ಕಳಿಸಿ, ಇಲ್ಲದಿದ್ದರೆ ನಿಮ್ಮ ಹಸು ಬೇಡ ಎಂದು ಅಂಡಮಾನಿನವರು ಫೋನಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಸುಧಾಕರನಿಗೆ ವಿಜಯಕುಮಾರ್ ನೆನಪಾದದ್ದು ಆಮೇಲೆ.

ಕೊಂಡು ತಂದ ಹಸು ಹೊಸ ಕೈಗೆ ಹಾಲು ಕೊಡುವುದಿಲ್ಲ. ಅದರ ಕರುವನ್ನು ಹಳ್ಳಿಯಲ್ಲೇ ಬಿಟ್ಟು ಬಂದಿರುತ್ತಾರೆ. ಅದು ಹಾಲನ್ನು ಮೇಲಕ್ಕೆ ಏರಿಸಿಕೊಂಡು ನಿಂತುಬಿಡುತ್ತದೆ. ಕೆಚ್ಚಲಲ್ಲಿ ತುಂಬಿದೆ, ಮೊಲೆಗೆ ಇಳಿಯುವುದಿಲ್ಲ. ಅದಕ್ಕೇ ಸುಧಾಕರ್ ಹಸುಗಳನ್ನು ಹದಿನೈದು ದಿನ ಶೆಡ್ಡಿನಲ್ಲಿ ಇಟ್ಟು ಒಂದೇ ಕೈಗೆ ಪಳಗಿಸುವುದು. ವಿಜಯಕುಮಾರ್ ಬೆಳಗಿನ ಐದಕ್ಕೆ ಬರುತ್ತಿದ್ದ. ಬಿಸಿನೀರಿನಲ್ಲಿ ಕೆಚ್ಚಲು ತೊಳೆದು, ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ ಕೂರುತ್ತಿದ್ದ. ಹಸುವಿನ ಜೊತೆ ಮಾತಾಡುತ್ತಿದ್ದ. ಮೊದಲ ಮೂರು ದಿನ ಒದೆ. ನಾಲ್ಕನೆಯ ದಿನ ಎರಡು ಲೋಟ. ಹತ್ತನೆಯ ದಿನಕ್ಕೆ ಬಕೆಟ್ಟು ತುಂಬಿ ನೊರೆ. ಕಾಮಸಮುದ್ರದಿಂದ ಬಂದ ಹಣೆಚುಕ್ಕೆಯದು ಮಾತ್ರ ಹನ್ನೆರಡು ದಿನ ಸತಾಯಿಸಿತು. ಅದಕ್ಕೆ ಅವನು ಚುಕ್ಕಿ ಎಂದು ಹೆಸರಿಟ್ಟ. ಹದಿಮೂರನೆಯ ದಿನ ಅದು ಅವನ ಸದ್ದು ಕೇಳಿದರೇ ಮೊಲೆಯಿಂದ ಹಾಲು ತೊಟ್ಟಿಕ್ಕಿಸುತ್ತಿತ್ತು.

ಕರೆದ ಹಾಲನ್ನು ಅವನು ಶೆಡ್ಡಿನ ಪಕ್ಕದ ಸುಧಾಕರನ ಮನೆಯ ಜಗಲಿ ದಾಟಿ ಒಳಗೆ ಒಯ್ಯುವಂತಿಲ್ಲ. ಸುಧಾಕರನ ತಾಯಿ ಗಂಗರತ್ನಮ್ಮ ಬಾಗಿಲಲ್ಲೇ ಬಕೆಟ್ಟು ಇಡಿಸಿಕೊಳ್ಳುತ್ತಾಳೆ. ವೆಂಕಿ ಕ್ಯಾನಿಗೆ ಸುರಿದುಕೊಂಡು ಊರಿನ ಡೈರಿಗೆ ಹಾಕಿ ಬರುತ್ತಾನೆ. ಡೈರಿಯಿಂದ ಆ ಹಾಲು ಎಲ್ಲಿಗೋ ಹೋಗುತ್ತದೆ, ಎಲ್ಲರೂ ಕುಡಿಯುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ವಿಜಯಕುಮಾರನಿಗೆ ಕಾಫಿ ಪೇಪರ್ ಕಪ್ಪಿನಲ್ಲಿ. ಮೊದಲು ಅವನಿಗೆಂದೇ ಒಂದು ಸ್ಟೀಲ್ ಲೋಟ ಹಿತ್ತಲಿನ ಗೋಡೆಯ ಮೇಲೆ ಬೋರಲಾಗಿರುತ್ತಿತ್ತು. ಪೇಪರ್ ಕಪ್ ಬಂದ ಮೇಲೆ ಅವರಿಗೂ ನಾಚಿಕೆ ತಪ್ಪಿತು.

ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಲಾರಿ ಬಂತು. ವಿಜಯಕುಮಾರ್ ತನ್ನ ಬ್ಯಾಗನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟ. ಲಾರಿಯ ತಳಕ್ಕೆ ಮರಳು ಹರಡಿದ, ಅದರ ಮೇಲೆ ಹುಲ್ಲು. ಐದು ಹಸು ಹತ್ತಿಸಿದ. ಕಟ್ಟಿದ ಹಗ್ಗಗಳನ್ನು ಒಂದೊಂದಾಗಿ ಎಳೆದು ನೋಡಿದ. ಹಸು ಬಿದ್ದರೆ ಒಂದೇ ಎಳೆತಕ್ಕೆ ಬಿಚ್ಚಬೇಕು, ಇಲ್ಲದಿದ್ದರೆ ಕುತ್ತಿಗೆ ಬಿಗಿದು ಸಾಯುತ್ತದೆ. ಹನ್ನೊಂದಕ್ಕೆ ಹಸುಗಳ ಡಾಕ್ಟರಮ್ಮ ತ್ರಿವೇಣಿ ಸ್ಕೂಟರಿನಲ್ಲಿ ಬಂದರು. ಪ್ರಯಾಣಕ್ಕೆ ಹಸುಗಳು ಯೋಗ್ಯ ಎಂದು ಅವರು ಸಹಿ ಹಾಕಬೇಕು. ಗಂಗರತ್ನಮ್ಮ ಕುರ್ಚಿ ಹಾಕಿಸಿದಳು. ಡಾಕ್ಟರಮ್ಮ ಕಿವಿಯ ಹಳದಿ ಬಿಲ್ಲೆಗಳ ನಂಬರನ್ನು ಗಟ್ಟಿಯಾಗಿ ಓದುತ್ತ ಫಾರಂ ಮೇಲೆ ಗುರುತು ಹಾಕುತ್ತ ಬಂದರು. ಉಳಿದದ್ದು ಚುಕ್ಕಿ. ವಿಜಯಕುಮಾರ್ ಅದರ ಹಿಂದೊಡೆಗೆ ಹೆಗಲು ಕೊಟ್ಟು ನಿಂತಿದ್ದ.

"ಆರು ಹಸು, ಸರಿ ಇದೆ," ಎಂದರು ಡಾಕ್ಟರಮ್ಮ. "ಜೊತೆಗೆ ಹೋಗುವವರ ಹೆಸರು, ವೆಂಕಟೇಶ್."

ಚುಕ್ಕಿ ಉಸಿರು ಬಿಟ್ಟಿತು. ವಿಜಯಕುಮಾರ್ ನೂಕಲಿಲ್ಲ.

ಬಾಲದ ಬುಡವನ್ನು ಹಿಡಿದೇ ಅವನು ತಲೆಯೆತ್ತಿ ನೋಡಿದ. ವೆಂಕಿ ಹೊಸ ಬೂಟು ಹಾಕಿಕೊಂಡಿದ್ದ. ಬೆಳಿಗ್ಗೆಯಿಂದ ಆ ಬೂಟು ಕಣ್ಣ ಮುಂದೆಯೇ ಓಡಾಡುತ್ತಿತ್ತು. ಅದು ಯಾಕೆ ಎಂದು ಒಂದು ಸಲವೂ ಹೊಳೆದಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ರೇಗಿತು.

"ತಪ್ಪಾಗೈತೆ ಮೇಡಂ," ಎಂದ. "ಎಸ್ರು ನಂದು. ವಿಜಯಕುಮಾರ್."

ಡಾಕ್ಟರಮ್ಮ ಸುಧಾಕರನ ಮುಖ ನೋಡಿದರು. ಸುಧಾಕರ್ ಮೊಬೈಲ್ ನೋಡುತ್ತಿದ್ದ.

"ಅಣ್ಣಾ, ಎಸ್ರು ತಪ್ಪಾಗೈತೆ."

"ತಪ್ಪೇನಾಗಿಲ್ಲ ಬಿಡ್ಲಾ. ಮೊದ್ಲು ಅಸು ಅತ್ಸು, ಒತ್ತಾಯ್ತು."

"ನಾನು ಮೆಡಿಕಲ್ ಮಾಡ್ಸಿ ಕೊಟ್ಟಿವ್ನಿ ಅಣ್ಣಾ. ಪೋಟೋ ಕೊಟ್ಟಿವ್ನಿ. ನೀನೇ ಕೇಳಿದ್ದು."

ಸುಧಾಕರ್ ಹತ್ತಿರ ಬಂದ. ಬಹಳ ಹತ್ತಿರವಲ್ಲ, ಎಷ್ಟು ಹತ್ತಿರ ಬರಬಹುದೋ ಅಷ್ಟು. ದನಿ ತಗ್ಗಿಸಿ, ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದ.

"ನೋಡ್ಲಾ, ನಾನು ಕೊಟ್ಟಿದ್ದೆ ನಿನ್ ಎಸ್ರು. ಆಮೇಲೆ ಯೋಚ್ನೆ ಮಾಡ್ದೆ. ದಾರೀಲಿ ಆ ಉಡುಗ್ರವ್ರೆ. ನಿಮ್ಮೋರ ಎಸ್ರು ಕಂಡ್ರೆ ದನ ಕುಯ್ಯೋಕೆ ಅಂತ್ಲೇ ಅನ್ಕೋತಾರೆ. ಗಾಡಿ ನಿಲ್ಸ್ತಾರೆ, ಶಿಪ್ ತಪ್ಪೋಗ್ತೈತೆ. ನಮ್ಮ ಉಡುಗನ ಎಸ್ರಿದ್ರೆ ಗಾಡಿ ಸಲೀಸಾಗಿ ಓಗ್ತೈತೆ. ನಿನಗೇ ಒಳ್ಳೇದು ಕಣ್ಲಾ. ಓದ ಸಲ ಎಷ್ಟು ಒದೆ ತಿಂದೆ, ನೆಪ್ಪಿಲ್ವಾ?"

"ಎಸ್ರು ಇರ್ಲಿಲ್ಲ ಅಂತ ಒದ್ದಿದ್ದು ಅಣ್ಣಾ!"

"ಅದೇ ನಾನೂ ಯೋಳ್ತಿರಾದು."

ಅದೇ ಅಂತೆ. ಹೆಸರಿಲ್ಲದ್ದಕ್ಕೆ ಹೊಡೆದರು. ಹೊಡೆಯುತ್ತಾರೆ ಎಂದು ಹೆಸರು ಹಾಕುವುದಿಲ್ಲ. ಇದರಲ್ಲಿ ಎಲ್ಲಿಂದ ಒಳಹೊಕ್ಕರೂ ಬಡಿಸಿಕೊಳ್ಳುವವನು ಅವನೇ. ವಿಜಯಕುಮಾರನಿಗೆ ತಲೆ ಚಿಟ್ಟು ಹಿಡಿಯಿತು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು. ಅವನು ಡಾಕ್ಟರಮ್ಮನ ಕಡೆ ತಿರುಗಿದ.

"ಮೇಡಂ, ಒಂದು ಗೆರೆ ಒಡ್ದು ಬೇರೆ ಎಸ್ರು ಬರೆಯಾಕೆ ಆಗಾಕಿಲ್ವಾ?"

"ಆಗುತ್ತಪ್ಪಾ," ಎಂದರು ಅವರು. ಅವರಿಗೂ ಮುಜುಗರವಾಗಿತ್ತು, ಕಣ್ಣು ಫಾರಮ್ಮಿನ ಮೇಲಿತ್ತು. "ಕಂಟ್ರಾಕ್ಟರ್ ಹೇಳಬೇಕು. ನಾನು ಸರ್ಟಿಫಿಕೇಟ್ ಕೊಡೋದು ಹಸುಗಳಿಗೆ, ಮನುಷ್ಯರಿಗಲ್ಲ."

ಒಂದು ನಿಮಿಷದ ಕೆಲಸ. ಪೆನ್ನು ಅವರ ಕೈಯಲ್ಲೇ ಇತ್ತು. ಸುಧಾಕರ್ ಹೂಂ ಅನ್ನಬೇಕಿತ್ತು ಅಷ್ಟೆ. ಅವನು ಅನ್ನಲಿಲ್ಲ. ಡಾಕ್ಟರಮ್ಮ ಸಹಿ ಹಾಕಿ, ಮೊಹರು ಒತ್ತಿ, ಸ್ಕೂಟರ್ ಹತ್ತಿ ಹೋದರು.

"ನೀನೂ ಬಾ, ಬ್ಯಾಡ ಅಂದೋರ್ಯಾರು," ಎಂದ ಸುಧಾಕರ್. "ಆರ್ಬರ್ ಗಂಟ ಇಂದುಗಡೆ ನಿಂತ್ಕೊಂಡು ಬಾ. ಮುಂದಿನ ಸಲ ನೋಡಾಣ."

ವಿಜಯಕುಮಾರ್ ಚುಕ್ಕಿಯ ಹಗ್ಗವನ್ನು ಬೇಲಿಯ ಕಂಬಕ್ಕೆ ಕಟ್ಟಿದ. ಲಾರಿಗೆ ಹೋಗಿ ತನ್ನ ಬ್ಯಾಗು ಇಳಿಸಿಕೊಂಡ.

"ನಾನು ಬರಾಕಿಲ್ಲ ಅಣ್ಣಾ."

ಸುಧಾಕರನಿಗೆ ಅದೇನೂ ದೊಡ್ಡ ಮಾತಾಗಿ ಕೇಳಲಿಲ್ಲ. ಮುನಿಸು, ಊಟದ ಹೊತ್ತಿಗೆ ಇಳಿಯುತ್ತದೆ ಅಂದುಕೊಂಡಿರಬೇಕು. ಚಿಂತೆ ಹತ್ತಿದ್ದು ಗಂಗರತ್ನಮ್ಮನಿಗೆ. ಹಿಂದಿನ ಸಲ ಸತ್ತ ಎರಡು ಹಸುಗಳು ಅವಳ ನಿದ್ದೆಯಲ್ಲಿ ಬರುತ್ತಿದ್ದವಂತೆ. ಗೋಹತ್ಯೆಯ ಪಾಪ ಮನೆಗೆ ಸುತ್ತಿಕೊಳ್ಳುತ್ತದೆ ಎಂದು ಅವಳು ಎರಡು ದೇವರಿಗೆ ಹರಕೆ ಹೊತ್ತಿದ್ದಳು.

"ಇವನಿಲ್ದೆ ವೆಂಕಿಗೆ ಅವು ಆಲು ಕೊಡ್ತಾವೇನೋ ಸುಧಾ?" ಎಂದು ಮಗನನ್ನು ಕೇಳಿದಳು. ಆಮೇಲೆ ತಾನೇ ದಾರಿ ಕಂಡುಕೊಂಡಳು. "ಲೇ ವಿಜಿ, ನೀನು ಓಗ್ದಿದ್ರೆ ಬ್ಯಾಡ. ನಿನ್ ಅಂಗಿ ಬಿಚ್ಕೊಟ್ಟು ಓಗು. ಲುಂಗೀನೂ."

ಹಸು ಸಾಕುವವರಿಗೆ ಇದು ಗೊತ್ತಿರುವ ಉಪಾಯವೇ. ಕರೆಯುವವಳು ತವರಿಗೆ ಹೋದರೆ ಅವಳ ಹಳೇ ಸೀರೆ ಹೊದ್ದುಕೊಂಡು ಗಂಡ ಕರೆಯುತ್ತಾನೆ. ಹಸುವಿಗೆ ಮುಖಕ್ಕಿಂತ ವಾಸನೆ ಮುಖ್ಯ. ಹದಿನೈದು ದಿನ ವಿಜಯಕುಮಾರ್ ಒಂದೇ ಅಂಗಿ ಹಾಕಿದ್ದ, ಒಗೆದಿರಲಿಲ್ಲ. ಹಸುಗಳು ಪಳಗಲಿ ಎಂದೇ ಒಗೆದಿರಲಿಲ್ಲ. ಸಗಣಿ, ಬೆವರು, ಹಾಲು, ಬೀಡಿ, ಎಲ್ಲ ಸೇರಿ ಅದು ಬಟ್ಟೆಯಂತೆಯೇ ಇರಲಿಲ್ಲ.

ವೆಂಕಿ ಮುಖ ಸಿಂಡರಿಸಿದ. "ದೊಡ್ಡಮ್ಮಾ, ಇವನ ಅಂಗಿ ನಾನು ಆಕ್ಕೊಳ್ಳಾದಾ?"

"ಏನಾಗಾಕಿಲ್ಲ ಬಿಡೋ. ನಾಕು ದಿನ ತಾನೇ. ಇಳಿದ ಮ್ಯಾಕೆ ತಲೆಗೆ ನೀರು ಉಯ್ಕೊಂಡು, ಒಂದು ತೊಟ್ಟು ಗಂಜಲ ಚಿಮುಕಿಸ್ಕೊಂಬುಡು."

ಅವಳು ಅದನ್ನು ಗುಟ್ಟಾಗಿ ಹೇಳಲಿಲ್ಲ. ಅವನನ್ನು ನೋಯಿಸಬೇಕೆಂದೂ ಹೇಳಲಿಲ್ಲ. ಅವನು ಅಲ್ಲಿ ನಿಂತಿರುವುದು ಅವಳಿಗೆ ತೊಡಕೇ ಆಗಿರಲಿಲ್ಲ. ವಿಜಯಕುಮಾರನಿಗೆ ಮೈ ಉರಿದದ್ದು ಅದಕ್ಕೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನ ಬೆವರು ಬೇಕು, ಅವನು ಬೇಡ. ಅವನ ನಾತ ಹಡಗು ಹತ್ತಬಹುದು, ಸಮುದ್ರ ನೋಡಬಹುದು, ಕಾಗದದಲ್ಲಿ ಹೆಸರಿರುವವನ ಮೈಮೇಲೆ ಕೂತು ಅಂಡಮಾನಿಗೆ ಹೋಗಬಹುದು. ಅವನು ಮಾತ್ರ ಬಂಗಾರಪೇಟೆಯಲ್ಲಿ ಬಸ್ಸು ಹಿಡಿದು ಕಾಲೋನಿಗೆ ಹೋಗಬೇಕು.

ಅವನು ಅಂಗಿಯ ಗುಂಡಿ ಬಿಚ್ಚಿದ.

"ಅಂಗೆ ಬಾ ದಾರಿಗೆ," ಎಂದ ಸುಧಾಕರ್.

ವಿಜಯಕುಮಾರ್ ಅಂಗಿ ಬಿಚ್ಚಿದ. ಬ್ಯಾಗಿನಿಂದ ಪ್ಯಾಂಟು ತೆಗೆದು ಹಾಕಿಕೊಂಡು ಲುಂಗಿ ಬಿಚ್ಚಿದ. ಎರಡನ್ನೂ ಎತ್ತಿಕೊಂಡು ವೆಂಕಿಯ ಕಡೆಗಲ್ಲ, ಶೆಡ್ಡಿನ ಮುಂದಿನ ನೀರಿನ ತೊಟ್ಟಿಯ ಕಡೆಗೆ ನಡೆದ. ಪುಷ್ಪ ಹಡಗಿಗೆಂದು ಕಟ್ಟಿಕೊಟ್ಟಿದ್ದ ಹೊಸ ಸೋಪು ಬ್ಯಾಗಿನಲ್ಲಿತ್ತು. ಅದರ ಕಾಗದ ಹರಿದ. ತೊಟ್ಟಿಯ ಪಕ್ಕದ ಚಪ್ಪಡಿಯ ಮೇಲೆ ಅಂಗಿ ಹಾಸಿ, ನೀರು ಸುರಿದು, ಸೋಪು ತಿಕ್ಕತೊಡಗಿದ.

ಮೊದಲಿಗೆ ಅವರಿಗೆ ಅರ್ಥವಾಗಲಿಲ್ಲ. ತೊಳೆದು ಕೊಡುತ್ತಾನೆ, ಮರ್ಯಾದೆ ಇದೆ ಎಂದುಕೊಂಡ ವೆಂಕಿ. ಅರ್ಥವಾದದ್ದು ಗಂಗರತ್ನಮ್ಮನಿಗೆ.

"ಅಯ್ಯೋ, ವಾಸ್ನೆ ಓಗ್ತೈತೋ! ತಡೀರೋ ಅವನ್ನ!"

ಯಾರು ತಡೆಯುತ್ತಾರೆ? ತಡೆಯಬೇಕಾದರೆ ಅವನ ಮೈ ಮುಟ್ಟಬೇಕು. ವೆಂಕಿ ಎರಡು ಹೆಜ್ಜೆ ಮುಂದೆ ಬಂದು ನಿಂತ. ಡ್ರೈವರ್ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದ. ವಿಜಯಕುಮಾರ್ ಅಂಗಿಯ ಕಂಕುಳನ್ನು ತಿಕ್ಕಿದ, ಕಾಲರ್ ತಿಕ್ಕಿದ, ಎದೆಯ ಮೇಲಿನ ಸಗಣಿಯ ಕಲೆಯನ್ನು ಉಗುರಿನಿಂದ ಕೆರೆದ. ಕಲ್ಲಿಗೆ ಎತ್ತಿ ಎತ್ತಿ ಒಗೆದ. ಹದಿನೈದು ದಿನ ಹಸುರು ನೀರಾಗಿ ಮೋರಿಗೆ ಹರಿಯಿತು. ಲುಂಗಿಯನ್ನೂ ಹಾಗೇ ಮಾಡಿದ. ಆಮೇಲೆ ತನ್ನ ಕೈ ತೊಳೆದ, ಮೊಣಕೈ ತನಕ. ಕುತ್ತಿಗೆ ತೊಳೆದ. ಸೋಪು ಅರ್ಧ ಸವೆಯಿತು.

ಒದ್ದೆ ಅಂಗಿಯನ್ನು ಹಿಂಡಿ ಸುಧಾಕರನ ಮುಂದೆ ಹಿಡಿದ.

"ತಕ್ಕೋ ಅಣ್ಣಾ. ಈಗ ಚೊಕ್ಕವಾಗೈತೆ. ಯಾರು ಬೇಕಾದ್ರೂ ಆಕ್ಕೋಬೌದು."

ಸುಧಾಕರ್ ಕೈಯೆತ್ತಿದ. ಹೊಡೆಯಲು ಎತ್ತಿದ ಕೈ ಅದು. ವಿಜಯಕುಮಾರ್ ಹಿಂದೆ ಸರಿಯಲಿಲ್ಲ, ಒಳ್ಳೆಯ ಕಿವಿಗೆ ಪೆಟ್ಟು ಬೀಳದಂತೆ ಮುಖವನ್ನು ಮಾತ್ರ ಸ್ವಲ್ಪ ತಿರುಗಿಸಿಕೊಂಡ. ರಸ್ತೆಯಲ್ಲಿ ಬಸ್ಸು ನಿಂತು ಜನ ಇಳಿಯುತ್ತಿದ್ದರು. ಸುಧಾಕರ್ ಕೈ ಇಳಿಸಿದ.

"ಇನ್ಮೇಲೆ ಈ ತಾಲ್ಲೂಕಲ್ಲಿ ಯಾರ ಕೊಟ್ಟಿಗೆಗೂ ನಿನ್ನ ಸೇರ್ಸಾಕಿಲ್ಲ. ಬರ್ದಿಟ್ಕೋ."

"ಬರ್ಕೊಂಡೆ," ಎಂದ ವಿಜಯಕುಮಾರ್.

ಒದ್ದೆ ಅಂಗಿಯನ್ನೇ ತೊಟ್ಟು, ಬ್ಯಾಗು ಹೆಗಲಿಗೆ ಹಾಕಿ ನಡೆದ. ಬೆನ್ನ ಹಿಂದೆ ಚುಕ್ಕಿಯನ್ನು ಹತ್ತಿಸಲು ಹೊಡೆಯುತ್ತಿರುವ ಸದ್ದು ಕೇಳಿತು. ಕೋಲಿನ ಪೆಟ್ಟು, ವೆಂಕಿಯ ಬೈಗುಳ, ಹಲಗೆಯ ಮೇಲೆ ಗೊರಸು ಜಾರಿದ ಸದ್ದು. ಒಂದು ಗಳಿಗೆ ನಿಂತ. ಹಸು ಏನು ತಪ್ಪು ಮಾಡಿದೆ? ಅದನ್ನು ಕೇಳಿಕೊಂಡರೆ ಕಾಲು ಹಿಂದಕ್ಕೆ ಎಳೆಯುತ್ತದೆ ಎಂದು ಗೊತ್ತಿತ್ತು. ಇಷ್ಟು ವರ್ಷ ಅವನನ್ನು ಆ ಶೆಡ್ಡಿಗೆ ಕಟ್ಟಿಹಾಕಿದ್ದು ಸುಧಾಕರನ ಕೂಲಿಯಲ್ಲ, ಹಸುವಿನ ಮುಖವೇ. ಅದು ಸುಧಾಕರನಿಗೂ ಗೊತ್ತಿತ್ತು. ವಿಜಯಕುಮಾರ್ ನಡೆದ.

ಕಾಲೋನಿಯಲ್ಲಿ ಬ್ಯಾಗು ಹೊತ್ತು ವಾಪಸು ಬಂದವನನ್ನು ನೋಡಿ ಯಾರೂ ಏನೂ ಕೇಳಲಿಲ್ಲ. ಕೇಳದೆ ಇರುವುದೂ ಒಂದು ಹಿಂಸೆಯೇ. ಮಾರಿಯಮ್ಮ ಮಾತ್ರ ಸುಧಾಕರನ ವಂಶಕ್ಕೆಲ್ಲ ತಮಿಳಿನಲ್ಲಿ ಮಂಗಳಾರತಿ ಎತ್ತಿದಳು. ಪುಷ್ಪ ನಿಂಬೆಹಣ್ಣುಗಳನ್ನು ಬ್ಯಾಗಿನಿಂದ ತೆಗೆದು ಉಪ್ಪಿನಕಾಯಿಗೆ ಹೆಚ್ಚಿದಳು. ರಾತ್ರಿ ಉಣ್ಣುವಾಗ ಕೇಳಿದಳು.

"ಇನ್ನು ಎಲ್ಲಿ ಕೆಲಸ?"

"ಗೊತ್ತಿಲ್ಲ."

"ಸರಿ ಬಿಡು," ಎಂದಳು. ಅವಳ ದನಿಯಲ್ಲಿ ಸರಿ ಏನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಬಂತು. ವಿಜಯಕುಮಾರ್ ಮನೆಯ ಮುಂದೆ ಕೂತಿದ್ದ. ಸುಧಾಕರನ ಹೆಸರು ನೋಡಿ ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದ. ಎತ್ತಿದ ಕೂಡಲೇ ಮೊದಲು ಕೇಳಿಸಿದ್ದು ಹಸುಗಳು. ಆರೂ ಒಟ್ಟಿಗೆ ಅರಚುತ್ತಿದ್ದವು. ಹಸಿವಿಗೆ ಒಂದು ಥರ ಅರಚುತ್ತವೆ, ಕರುವಿಗೆ ಒಂದು ಥರ. ಇದು ಎರಡೂ ಅಲ್ಲ. ಒಂದೂವರೆ ದಿನದ ಹಾಲು ಒಳಗೇ ನಿಂತು ಕೆಚ್ಚಲು ಬಿಗಿದ ಹಸು ಹಾಗೆ ಅರಚುತ್ತದೆ.

"ವಿಜೀ," ಎಂದ ಸುಧಾಕರ್. ದನಿ ಬೆಣ್ಣೆಯಾಗಿತ್ತು. "ಆರ್ಬರ್ನಾಗಿವ್ನಿ ಕಣಪ್ಪಾ. ವೆಂಕಿ ಕೈ ಇಟ್ರೆ ಒದೀತಾವೆ. ಅವು ಅರಚಾದು ಕೇಳಿ ಇಲ್ಲೊಬ್ರು ಆರ್ಬರ್ ಸಾಹೇಬ್ರು ಆಲು ಕರ್ದು ತೋರ್ಸು, ಇಲ್ದಿದ್ರೆ ಶಿಪ್ ಅತ್ಸಾಕಿಲ್ಲ ಅಂತ ನಿಂತವ್ರೆ. ಒಂದ್ ಕೆಲ್ಸ ಮಾಡು. ಸ್ಪೀಕರ್ ಆಕಿವ್ನಿ, ಚುಕ್ಕಿ ಕಿವಿ ತಾವ ಇಡ್ತೀನಿ. ನೀನು ದಿನಾ ಮಾತಾಡ್ತಿದ್ದಲ್ಲ, ಅಂಗೆ ಮಾತಾಡು. ನಿನ್ ದನಿ ಕೇಳಿದ್ರೆ ಇಳಿಸ್ತಾವೆ."

ವಿಜಯಕುಮಾರನ ಗಂಟಲಿಗೆ ಮಾತು ಬಂದೇಬಿಟ್ಟಿತ್ತು. ಬಾ ತಾಯಿ, ಬಾ ಬಾ. ಅವನು ಅದನ್ನು ನುಂಗಿದ. ಕಣ್ಣಲ್ಲಿ ನೀರು ಬಂತು. ಆ ಕಡೆಯಿಂದ ಯಾರೋ ತಮಿಳಿನಲ್ಲಿ ಕೇಳಿದ್ದು ಕೇಳಿಸಿತು, ಗಡುಸಾದ ಗಂಡು ದನಿ.

"ಯಾರುಪ್ಪಾ ಪೇಸ್ರದು?"

ಯಾರು ಮಾತಾಡುತ್ತಿರುವುದು ಎಂದು ಆ ಸಾಹೇಬರು ಕೇಳುತ್ತಿದ್ದರು. ಸುಧಾಕರ್ ಬೇಗ ಬೇಗ ಉತ್ತರ ಕೊಟ್ಟ, ಊರಲ್ಲಿ ಒಬ್ಬ ಆಳು ಸಾರ್, ಏನಿಲ್ಲ ಸಾರ್.

"ಅಣ್ಣಾ," ಎಂದ ವಿಜಯಕುಮಾರ್. "ಮಾತಾಡ್ತೀನಿ. ಆರೂ ಅಸು ಆಲು ಇಳಿಸಾ ಗಂಟ ಮಾತಾಡ್ತೀನಿ. ಆ ಸಾಹೇಬ್ರಿಗೆ ಒಂದ್ಸಲ ನನ್ನ ಎಸ್ರು ಯೋಳು. ಈ ಅಸುಗಳ್ನ ನೋಡ್ಕೊಳ್ಳೋನು ವೆಂಕಿ ಅಲ್ಲ, ವಿಜಯಕುಮಾರ್ ಅಂತ ಯೋಳು. ಅಷ್ಟೆ. ಕಾಗ್ದದಾಗೆ ಬರೀಬ್ಯಾಡ. ಬಾಯಲ್ಲಿ ಯೋಳು, ಸಾಕು."

ಸುಧಾಕರ್ ಸ್ಪೀಕರ್ ಆಫ್ ಮಾಡಿದ. ಅವನ ಉಸಿರು ಕಿವಿಗೇ ತಾಗಿದಂತಾಯಿತು. "ಲೇ, ಇದು ಟೈಮಾ? ಅಸುಗಳು ಸಾಯ್ತಾವೆ ಕಣ್ಲಾ. ನಿಂಗೆ ಕರುಳಿಲ್ವಾ?"

"ಸ್ಪೀಕರ್ ಆಕು ಅಣ್ಣಾ. ಎಸ್ರು ಯೋಳು."

ಹಾರ್ಬರಿನ ಗಾಳಿ ಫೋನಿನಲ್ಲಿ ಭರ್ ಎಂದಿತು. ಚುಕ್ಕಿಯ ಕೂಗು ಮಿಕ್ಕವುಗಳಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು. ಪುಷ್ಪ ಬಾಗಿಲಿಗೆ ಬಂದು ನಿಂತಿದ್ದಳು, ಮಾರಿಯಮ್ಮ ಅವಳ ಹಿಂದೆ. ವಿಜಯಕುಮಾರ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಯೋಳಣ್ಣಾ, ಯೋಳು, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹೇಳಿಬಿಟ್ಟರೆ ಅವನಿಗೂ ಬಿಡುಗಡೆ, ಹಸುವಿಗೂ ಬಿಡುಗಡೆ. ಆ ಸಾಹೇಬರು ಮತ್ತೇನೋ ಕೇಳಿದರು. ಸುಧಾಕರ್ ಬಾಯಿ ತೆರೆದ ಹಾಗೆ ಸದ್ದಾಯಿತು.

ಫೋನ್ ಕಟ್ಟಾಯಿತು.

ವಿಜಯಕುಮಾರ್ ತಾನೇ ತಿರುಗಿ ಮಾಡಿದ. ಸ್ವಿಚ್ ಆಫ್. ಇನ್ನೊಂದು ಸಲ ಮಾಡಿದ. ಸ್ವಿಚ್ ಆಫ್.

"ಯೋಳಿದ್ನಾ?" ಎಂದು ಕೇಳಿದಳು ಮಾರಿಯಮ್ಮ.

"ಇಲ್ಲಮ್ಮಾ," ಎಂದ ಅವನು. "ಆರು ಅಸು ಸತ್ರೂ ಸರಿ ಅಂದ್ಕೊಂಡ."